ಪ್ರವಾಸದ ಭೇದಿ: ಮಾತ್ರೆಗಿಂತ ಮೊದಲು ನೀರು

ಗಡಿನಾಡಿನ ನಮ್ಮಂಥವರಿಗೆ ಪ್ರಯಾಣ ತಪ್ಪಿದ್ದಲ್ಲ. ಸರಕಾರದ ದೊಡ್ಡ ಕಚೇರಿಯ ಕೆಲಸವೆಂದರೆ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ತಿರುವನಂತಪುರ. ನೆಂಟಸ್ತಿಕೆ, ಕಾಲೇಜು, ಆಸ್ಪತ್ರೆ ಎಂದರೆ ಪುತ್ತೂರು, ಮಂಗಳೂರು, ಮೈಸೂರು. ಹರಕೆಯೆಂದರೆ ಧರ್ಮಸ್ಥಳ, ಸುಬ್ರಹ್ಮಣ್ಯ, ಗುರುವಾಯೂರು, ಶಬರಿಮಲೆ. ರಾಜ್ಯ ಶಾಲಾ ಕಲೋತ್ಸವ ಬಂತೆಂದರೆ ಯಕ್ಷಗಾನದ ಮಕ್ಕಳನ್ನೂ ಕನ್ನಡ ಪದ್ಯ ಹೇಳುವ ಮಕ್ಕಳನ್ನೂ ರಾತ್ರಿಯ ರೈಲಿನಲ್ಲಿ ಕೂರಿಸಿಕೊಂಡು ತೆಂಕಣ ಜಿಲ್ಲೆಗಳಿಗೆ ಹೊರಡಬೇಕು. ಇನ್ನು ಡಿಸೆಂಬರಿನ ಶಾಲಾ ಪ್ರವಾಸದ ಮಾತು ಹೇಳುವುದೇ ಬೇಡ.

ಇಷ್ಟೆಲ್ಲ ತಿರುಗುವ ನಮಗೆ ಪ್ರಯಾಣದ ನಡುವೆ ಹೊಟ್ಟೆ ಕೆಡುವುದೂ ಹೊಸತಲ್ಲ. ‘ನೀರು ಬದಲಾಯಿತು’ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮಲೆಯಾಳದವರು ‘ವಯರಿಳಕ್ಕಂ’ ಎನ್ನುತ್ತಾರೆ, ಭಾಷೆ ಬೇರೆಯಾದರೂ ಅವಸ್ಥೆ ಒಂದೇ. ಆದರೆ ಈ ಸಾಮಾನ್ಯ ಕಾಯಿಲೆಯ ಬಗ್ಗೆ ನಮ್ಮಲ್ಲಿ ಓದಿದವರಿಗೂ ಎಷ್ಟು ತಪ್ಪು ತಿಳುವಳಿಕೆ ಇದೆ ಎಂಬುದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ಒಬ್ಬ ವಿದ್ಯಾರ್ಥಿಯಿಂದ.

ಬೇಲೂರಿನ ಆ ಬೆಳಗು

ಕೆಲವು ವರ್ಷಗಳ ಹಿಂದಿನ ಮಾತು. ಮೂವರು ಶಿಕ್ಷಕರು, ನಲುವತ್ತೆರಡು ಮಕ್ಕಳು. ಸುಳ್ಯ, ಮಡಿಕೇರಿಯ ದಾರಿಯಾಗಿ ಮೈಸೂರು ಸೇರಿ, ಅರಮನೆ, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ ನೋಡಿ ರಾತ್ರಿ ತಂಗಿದೆವು. ನಡುರಾತ್ರಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನಮ್ಮ ಕೋಣೆಯ ಬಾಗಿಲು ತಟ್ಟಿದ. ಆಗಲೇ ನಾಲ್ಕು ಸಲ ಭೇದಿಯಾಗಿತ್ತು. ಬೆಳಗಾಗುವಷ್ಟರಲ್ಲಿ ಎಂಟೋ ಒಂಬತ್ತೋ ಆಯಿತು. ದಾರಿಯಲ್ಲಿ ತಿಂದ ಚುರುಮುರಿಯಿಂದಲೋ, ಹೋಟೆಲಿನ ಚಟ್ನಿಯಿಂದಲೋ, ಯಾವುದರಿಂದ ಎಂದು ಹೇಳುವಂತಿರಲಿಲ್ಲ.

ನಾವು ಮಾಡಿದ್ದು ಎರಡು ಕೆಲಸ. ನಮ್ಮಲ್ಲೊಬ್ಬರು ಔಷಧದಂಗಡಿಯಿಂದ ಎರಡು ಕ್ಯಾಪ್ಸೂಲು ತಂದು ನುಂಗಿಸಿದರು. ಚೀಟಿ ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ. ಎರಡನೆಯದಾಗಿ, ಮುಂದೆ ಬಸ್ಸಿನ ದಾರಿ ಉದ್ದ ಇದೆ ಎಂದು ಹುಡುಗನಿಗೆ ನೀರು ಕುಡಿಯಬೇಡವೆಂದೆವು. ‘ಕುಡಿದಷ್ಟೂ ಹೋಗುತ್ತದೆ, ಹೊಟ್ಟೆ ಖಾಲಿ ಇರಲಿ’ ಎಂಬುದು ನಮ್ಮ ಬುದ್ಧಿವಾದ. ಹುಡುಗ ವಿಧೇಯ. ಬಾಯಾರಿದರೂ ತುಟಿ ಕಚ್ಚಿಕೊಂಡು ಕಿಟಕಿಗೆ ಒರಗಿ ಕುಳಿತ.

ಬೇಲೂರಿನಲ್ಲಿ ದೇವಸ್ಥಾನದ ಅಂಗಳದಲ್ಲಿ ನಿಂತು ಮಕ್ಕಳಿಗೆ ಮದನಿಕೆಯರ ಶಿಲ್ಪವನ್ನು ವಿವರಿಸುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಗಲಿಬಿಲಿಯಾಯಿತು. ಆ ಹುಡುಗ ಕುಸಿದು ಕುಳಿತಿದ್ದ. ಕಣ್ಣು ಗುಳಿಬಿದ್ದಿತ್ತು, ನಾಲಿಗೆ ಒಣಗಿತ್ತು. ಬೆಳಗಿನಿಂದ ಮೂತ್ರವೇ ಆಗಿಲ್ಲ ಎಂಬುದು ಕೇಳಿದ ಮೇಲೆ ತಿಳಿಯಿತು.

ಹತ್ತಿರದ ವೃದ್ಧ ವೈದ್ಯರೊಬ್ಬರು ಅವನ ಹೊಟ್ಟೆಯ ಚರ್ಮವನ್ನು ಎರಡು ಬೆರಳುಗಳಲ್ಲಿ ಹಿಡಿದೆತ್ತಿ ಬಿಟ್ಟರು. ಅದು ತಟ್ಟನೆ ಹಿಂದಕ್ಕೆ ಹೋಗಲಿಲ್ಲ, ಮೆಲ್ಲನೆ ಇಳಿಯಿತು. ‘ಇವನಿಗೆ ರಾತ್ರಿಯಿಂದ ಎಷ್ಟು ನೀರು ಕುಡಿಸಿದ್ದೀರಿ?’ ಎಂದು ಕೇಳಿದರು. ನಾವು ಕ್ಯಾಪ್ಸೂಲಿನ ಹೆಸರು ಹೇಳಿದೆವು. ‘ಅದನ್ನು ನಾನು ಕೇಳಲಿಲ್ಲ ಮೇಷ್ಟ್ರೇ’ ಎಂದರು.

ಡ್ರಿಪ್ ಹಾಕುವುದಿಲ್ಲವೇ ಎಂದು ವಿಚಾರಿಸಿದಾಗ, ‘ಬಾಯಿಯಲ್ಲಿ ಕುಡಿಯಬಲ್ಲವನಿಗೆ ಸೂಜಿ ಯಾಕೆ?’ ಎಂದು ಓ.ಆರ್.ಎಸ್. ಪೊಟ್ಟಣ ಒಡೆದು ಒಂದು ಲೀಟರು ನೀರಿನಲ್ಲಿ ಕರಗಿಸಿ, ಲೋಟವನ್ನು ನಮ್ಮ ಕೈಗೇ ಕೊಟ್ಟರು. ಸುಮಾರು 40 ಕಿಲೋ ತೂಕದ ಆ ಹುಡುಗನಿಗೆ ನಾಲ್ಕು ಗಂಟೆಯ ಅವಧಿಯಲ್ಲಿ ಮೂರು ಲೀಟರಿನಷ್ಟು, ಗುಟುಕು ಗುಟುಕಾಗಿ ಕುಡಿಸಿದೆವು. ಉಳಿದ ಮಕ್ಕಳನ್ನು ಕರೆದುಕೊಂಡು ಇಬ್ಬರು ಶಿಕ್ಷಕರು ಹಳೇಬೀಡಿಗೆ ಹೋಗಿ ಬರುವಷ್ಟರಲ್ಲಿ ಹುಡುಗ ಎದ್ದು ಕುಳಿತು, ‘ಸರ್, ಹಳೇಬೀಡು ಮುಗಿಯಿತಾ?’ ಎಂದು ಕೇಳುವಂತಾಗಿದ್ದ. ಭೇದಿ ಪೂರ್ತಿ ನಿಂತಿರಲಿಲ್ಲ. ಆದರೆ ಅವನು ಬದುಕಿನ ಕಡೆಗೆ ತಿರುಗಿದ್ದ. ಅವನನ್ನು ಮಲಗಿಸಿದ್ದು ಭೇದಿಗಿಂತ ಹೆಚ್ಚಾಗಿ ನಮ್ಮ ಜಾಗ್ರತೆ.

ಹೊಟ್ಟೆಯೊಳಗೆ ನಡೆಯುವುದೇನು?

ಊರು ಬಿಟ್ಟಾಗ ಬರುವ ಭೇದಿಗೆ ನೀರಿನ ರುಚಿಯಾಗಲಿ, ಅದು ಸಪ್ಪೆಯೋ ಗಡಸೋ ಎಂಬುದಾಗಲಿ ಮುಖ್ಯ ಕಾರಣವಲ್ಲ. ಮನುಷ್ಯನ ಮಲದಿಂದ ನೀರಿಗೆ, ಕೈಗೆ, ಆಹಾರಕ್ಕೆ ದಾಟಿ ಬರುವ ರೋಗಾಣುಗಳೇ ಕಾರಣ. ‘ಇ. ಕೋಲಿ’ ಎಂಬ ಬ್ಯಾಕ್ಟೀರಿಯಾದ ಕೆಲವು ಜಾತಿಗಳು ಇವುಗಳಲ್ಲಿ ಮುಖ್ಯವಾದವು. ನೋರೋವೈರಸ್‌ನಂತಹ ವೈರಾಣುಗಳೂ ಇವೆ. ನಮ್ಮ ಊರಿನ ಅಣುಗಳಿಗೆ ನಮ್ಮ ಹೊಟ್ಟೆ ಅಷ್ಟಿಷ್ಟು ಪಳಗಿರುತ್ತದೆ, ಪರವೂರಿನವು ಹೊಸಬ. ‘ನೀರು ಬದಲಾಯಿತು’ ಎಂಬ ಹಿರಿಯರ ಮಾತಿನಲ್ಲಿ ಇಷ್ಟು ಸತ್ಯವಂತೂ ಇದೆ.

ಇವುಗಳಲ್ಲಿ ಹಲವು ರೋಗಾಣುಗಳು ಕರುಳನ್ನು ಕಡಿದು ಹಾಕುವುದಿಲ್ಲ. ಅವು ಒಂದು ವಿಷವಸ್ತುವನ್ನು ಸುರಿಸುತ್ತವೆ. ಕಾಲರಾ ರೋಗಾಣು ಇಂತಹ ವಿಷದ ಮೂಲಕವೇ ಕೆಲಸ ಮಾಡುತ್ತದೆಂದು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ವಿಜ್ಞಾನಿ ಶಂಭುನಾಥ ಡೇ. ವಿಷ ತಗಲಿದ ಕರುಳು, ಒಳಗೆಳೆದುಕೊಳ್ಳಬೇಕಾದ ನೀರನ್ನೂ ಉಪ್ಪನ್ನೂ ಹೊರಗೆ ಚೆಲ್ಲತೊಡಗುತ್ತದೆ. ಪ್ರಾಣಕ್ಕೆ ಎರವಾಗುವುದು ಹೀಗೆ ಸೋರಿಹೋಗುವ ನೀರು, ಉಪ್ಪು.

ಇಲ್ಲೊಂದು ಅದೃಷ್ಟದ ಸಂಗತಿಯಿದೆ. ಕರುಳಿನ ಗೋಡೆಯಲ್ಲಿ ಉಪ್ಪಿನಂಶವೂ ಗ್ಲೂಕೋಸೂ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲುಗಳಿವೆ. ಭೇದಿ ಎಷ್ಟೇ ಜೋರಾಗಿದ್ದರೂ ಈ ಬಾಗಿಲುಗಳು ಸಾಮಾನ್ಯವಾಗಿ ಕೆಲಸ ನಿಲ್ಲಿಸುವುದಿಲ್ಲ. ಅವೆರಡೂ ಒಳಹೋದಾಗ ನೀರು ಅವುಗಳ ಬೆನ್ನು ಹಿಡಿದು ಒಳಗೆ ಹೋಗುತ್ತದೆ. ಬರೇ ನೀರು ಕುಡಿದರೆ ಸಾಲದು, ಬರೇ ಸಕ್ಕರೆ ಪಾನಕವೂ ಸಾಲದು, ಎರಡೂ ಅಳತೆಯಲ್ಲಿ ಬೇಕು ಎನ್ನುವುದು ಇದಕ್ಕೇ.

ಬನ್‌ಗಾಂವಿನ ಪಾಠ

ಇದು ಪ್ರಯೋಗಶಾಲೆಯ ಗೋಡೆ ದಾಟಿ ಜನರ ಕೈಗೆ ಬಂದದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ದಿನಗಳಲ್ಲಿ ಪಶ್ಚಿಮ ಬಂಗಾಳದ ಗಡಿಯ ಬನ್‌ಗಾಂವಿನಲ್ಲಿ ನಿರಾಶ್ರಿತರು ಕಿಕ್ಕಿರಿದಿದ್ದರು. ಕಾಲರಾ ಹಬ್ಬಿತು. ಡ್ರಿಪ್ಪಿನ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಾಲನಬೀಸ್ ಎಂಬ ಮಕ್ಕಳ ವೈದ್ಯರು ಉಪ್ಪು, ಅಡಿಗೆ ಸೋಡಾದ ಜಾತಿಯ ಬೈಕಾರ್ಬನೇಟು, ಗ್ಲೂಕೋಸುಗಳನ್ನು ಅಳೆದು ಪುಡಿ ಮಾಡಿಸಿ, ಪೀಪಾಯಿಗಳಲ್ಲಿ ನೀರಿಗೆ ಕಲಸಿಸಿ, ರೋಗಿಗಳ ತಾಯಿ-ತಂದೆ, ಅಕ್ಕ-ತಂಗಿಯರ ಕೈಯಿಂದಲೇ ಕುಡಿಸಿದರು. ಶಿಬಿರದಲ್ಲಿ ನೂರಕ್ಕೆ ಸುಮಾರು 30 ಇದ್ದ ಸಾವಿನ ಪ್ರಮಾಣ 3.6ಕ್ಕೆ ಇಳಿಯಿತು. 1978ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ತನ್ನ ಸಂಪಾದಕೀಯದಲ್ಲಿ, ಸಕ್ಕರೆ-ಉಪ್ಪುಗಳ ಈ ನಂಟಿನ ಶೋಧವನ್ನು ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಹುದೆಂದು ಎಣಿಸಿತು. ಡಾ. ಮಹಾಲನಬೀಸ್ 2022ರಲ್ಲಿ ತೀರಿಕೊಂಡರು. ಮರುವರ್ಷ, 2023ರಲ್ಲಿ, ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಅಂದು ಸಾವಿರಾರು ಜನರನ್ನು ಉಳಿಸಿದ್ದು ಅಕ್ಷರ ಬಾರದ ತಾಯಂದಿರ ಕೈಯ ಲೋಟ. ಬಿ.ಎಡ್., ಟಿ.ಸಿ.ಎಚ್. ಮಾಡಿದ ನಾವು ಮೂವರಿಗೆ ಅದು ಹೊಳೆಯದೆ ಹೋಯಿತು.

ಕುಡಿಸುವ ಕ್ರಮ

ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಹೇಳುತ್ತಿರುವ ಪೊಟ್ಟಣದಲ್ಲಿ ಒಂದು ಲೀಟರು ನೀರಿಗೆ ಗ್ಲೂಕೋಸು 13.5 ಗ್ರಾಂ, ಉಪ್ಪು 2.6 ಗ್ರಾಂ, ಸಿಟ್ರೇಟು 2.9 ಗ್ರಾಂ, ಪೊಟಾಸಿಯಂ ಕ್ಲೋರೈಡು 1.5 ಗ್ರಾಂ ಇರುತ್ತವೆ. ಅಂಗಡಿಯಲ್ಲಿ ಒಂದು ಲೀಟರಿನ ದೊಡ್ಡ ಪೊಟ್ಟಣವೂ ಸಿಗುತ್ತದೆ, 200 ಮಿಲಿಲೀಟರಿನ ಸಣ್ಣದೂ ಸಿಗುತ್ತದೆ. ಯಾವುದು ನಮ್ಮ ಕೈಯಲ್ಲಿದೆ ಎಂದು ಮೊದಲು ಓದಬೇಕು. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಅತಿಯಾಗಿ ಅಪಾಯ. ಸಣ್ಣದನ್ನು ಲೀಟರಿಗೆ ಹಾಕಿದರೆ ಪ್ರಯೋಜನವಿಲ್ಲ. ಪೊಟ್ಟಣವನ್ನು ಅರ್ಧ ಮಾಡುವ ಲೆಕ್ಕವೂ ಬೇಡ, ಇಡಿಯಾಗಿ ಕರಗಿಸಬೇಕು. ಕುದಿಸಿ ಆರಿಸಿದ ನೀರು ಉತ್ತಮ. ಕರಗಿಸಿದ ಮೇಲೆ ಮತ್ತೆ ಕುದಿಸಬಾರದು. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ ಹೊಸತು ಮಾಡಿಕೊಳ್ಳಬೇಕು.

ಪ್ರತಿ ಸಲ ಭೇದಿಯಾದ ಮೇಲೆ, ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರು ಚಮಚೆಯಲ್ಲಿ; ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿಲೀಟರು; ದೊಡ್ಡವರಿಗೆ ಕುಡಿಯುವಷ್ಟು. ವಾಂತಿಯಾದರೆ ಗಾಬರಿಯಾಗಿ ನಿಲ್ಲಿಸುವುದು ಬೇಡ. ಹತ್ತು ನಿಮಿಷ ತಡೆದು, ಮತ್ತೆ ಚಮಚೆ ಚಮಚೆಯಾಗಿ ನಿಧಾನಕ್ಕೆ ಕೊಡಬೇಕು. ಗಟಗಟನೆ ಕುಡಿಸಿದ್ದು ಹೊರಗೆ ಬರುತ್ತದೆ, ಗುಟುಕು ಗುಟುಕಾಗಿ ಕೊಟ್ಟದ್ದು ಒಳಗೆ ಉಳಿಯುತ್ತದೆ. ಮೊಲೆಹಾಲು ಕುಡಿಯುವ ಶಿಶುವಿಗೆ ಹಾಲು ನಿಲ್ಲಿಸಲೇಬಾರದು. ಮಕ್ಕಳಿಗೆ ಇದರೊಂದಿಗೆ 10ರಿಂದ 14 ದಿನ ಸತುವಿನ ಮಾತ್ರೆ ಕೊಡುವ ಪದ್ಧತಿಯಿದೆ, ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಬಹುದು. ಹೃದಯ, ಮೂತ್ರಪಿಂಡದ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿ ಅಳತೆ ತಿಳಿದುಕೊಳ್ಳಬೇಕು.

ಪೊಟ್ಟಣ ಸಿಗದಿದ್ದಲ್ಲಿ? ಒಂದು ಲೀಟರು ಶುದ್ಧ ನೀರಿಗೆ ಸಣ್ಣ ಚಮಚೆಯಲ್ಲಿ, ಮೇಲೆ ಗುಡ್ಡೆಯಾಗದಂತೆ ಸಮನಾಗಿ ಗೀರಿ, ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಕೊಡುವ ಮೊದಲು ನಾವೇ ರುಚಿ ನೋಡಬೇಕು. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಚೆಲ್ಲಿಬಿಡಬೇಕು.

ಇನ್ನೊಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ ‘ಓ.ಆರ್.ಎಸ್.’ ಎಂಬ ಮೂರಕ್ಷರ ಹೊತ್ತ ಸಿಹಿ ಪಾನೀಯಗಳು ಬಹಳ ಕಾಲ ಅಂಗಡಿಗಳಲ್ಲಿದ್ದವು. ಅವುಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ. ಸಕ್ಕರೆ ಮಿತಿಮೀರಿದರೆ ಭೇದಿ ಹೆಚ್ಚುತ್ತದೆ. 2025ರ ಅಕ್ಟೋಬರದಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಇಂತಹ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು ಆಜ್ಞೆ ಮಾಡಿತು. ಔಷಧದಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಎಂದೇ ಕೇಳಿ ಕೊಳ್ಳುವುದು ಲೇಸು.

ಕ್ಯಾಪ್ಸೂಲು ಏಕೆ ಬೇಡ?

ಪ್ರಯಾಣದ ಭೇದಿ ಹೆಚ್ಚಿನವರಲ್ಲಿ ಮೂರರಿಂದ ಐದು ದಿನಗಳೊಳಗೆ ತಾನಾಗಿ ಗುಣವಾಗುತ್ತದೆ. ವೈರಾಣುವಿನಿಂದ ಬಂದದ್ದಾದರೆ ಆಂಟಿಬಯೋಟಿಕ್ ಏನೂ ಮಾಡದು. ಬ್ಯಾಕ್ಟೀರಿಯಾದಿಂದ ಬಂದದ್ದಾದರೂ ಸೌಮ್ಯವಾಗಿದ್ದರೆ ಅದರ ಅಗತ್ಯವಿಲ್ಲ. ಅಗತ್ಯವಿಲ್ಲದೆ ನುಂಗಿದರೆ ಕರುಳಿನಲ್ಲಿ ನಮಗೆ ಉಪಕಾರಿಯಾದ ಅಣುಗಳು ಸಾಯುತ್ತವೆ, ಕೆಲವೊಮ್ಮೆ ಭೇದಿ ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಕೇಡು, ಬದುಕಿ ಉಳಿಯುವ ಅಣುಗಳು ಮದ್ದಿಗೆ ಬಗ್ಗದವಾಗುವುದು. ಪ್ರಯಾಣದಲ್ಲಿ ಆಂಟಿಬಯೋಟಿಕ್ ನುಂಗಿದವರು ಇಂತಹ ಬಗ್ಗದ ಅಣುಗಳನ್ನು ಕರುಳಿನಲ್ಲಿ ಹೊತ್ತು ಮನೆಗೆ ಮರಳುವುದು ಹೆಚ್ಚು ಎಂದು ಸಂಶೋಧನೆಗಳು ಕಂಡುಕೊಂಡಿವೆ. ನಾಳೆ ಮನೆಯ ಅಜ್ಜಿಗೆ ಗಂಭೀರ ಸೋಂಕು ತಗಲಿದಾಗ ಅದೇ ಮದ್ದು ಕೆಲಸ ಮಾಡದೆ ಹೋಗಬಹುದು.

ಇಂತಹ ಅನೇಕ ಔಷಧಗಳ ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು ಎಂಬುದೇ ಅದರ ಅರ್ಥ. ಕೇರಳದಲ್ಲಿ 2024ರ ಜನವರಿಯಲ್ಲಿ ‘ಆಪರೇಶನ್ ಅಮೃತ್’ ಎಂಬ ಹೆಸರಿನಲ್ಲಿ, ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ತಪಾಸಣೆ ಆರಂಭವಾಯಿತು. ಆದರೆ ಕೇಳುವ ನಾವೇ ಕೇಳದಿದ್ದರೆ ತಪಾಸಣೆಯ ಕೆಲಸ ಅರ್ಧ ಮುಗಿದಂತೆ.

ಭೇದಿಯನ್ನು ಬಿಗಿಹಿಡಿಯುವ ಲೋಪರಮೈಡ್‌ನಂತಹ ಮಾತ್ರೆಯ ಬಗ್ಗೆಯೂ ಒಂದು ಮಾತು. ಬಸ್ಸು ಹತ್ತಲೇಬೇಕಾದ ಆರೋಗ್ಯವಂತ ದೊಡ್ಡವರಿಗೆ ಅದು ಒದಗೀತು. ಆದರೆ ಮಕ್ಕಳಿಗೆ ಕೊಡಕೂಡದು. ಜ್ವರವಿದ್ದರೆ, ಮಲದಲ್ಲಿ ರಕ್ತವಿದ್ದರೆ ದೊಡ್ಡವರೂ ಮುಟ್ಟಕೂಡದು. ಅದು ಸೋರುವ ಹಂಚಿನ ಕೆಳಗೆ ಪಾತ್ರೆಯಿಟ್ಟಂತೆ, ಹಂಚು ಸರಿಯಾಗುವುದಿಲ್ಲ.

ಗಂಜಿ, ಬೊಂಡ, ಕಟ್ಟನ್‌ಚಾಯ

ಹೊಟ್ಟೆ ಖಾಲಿ ಬಿಡಬೇಕೆಂಬುದೂ ತಪ್ಪು. ಕರುಳು ದುರಸ್ತಿಯಾಗಲು ಆಹಾರ ಬೇಕು. ಹಸಿವಾದೊಡನೆ ಗಂಜಿ, ಮೆತ್ತಗಿನ ಅನ್ನ, ಮೊಸರು, ಇಡ್ಲಿ, ಬಾಳೆಹಣ್ಣು ಕೊಡಬಹುದು. ಕುಚ್ಚಲಕ್ಕಿ ಗಂಜಿಯ ತೆಳಿಗೆ ಚಿಟಿಕೆ ಉಪ್ಪು ಹಾಕಿ ಕುಡಿಯುವ ನಮ್ಮ ಹಿರಿಯರ ಕ್ರಮ ವಿಜ್ಞಾನಕ್ಕೆ ಹೊಂದುವಂಥದೇ. ಅನ್ನದ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸಾಗುತ್ತದೆ. ಬೊಂಡದ ನೀರಿನಲ್ಲಿ ಪೊಟಾಸಿಯಂ ಧಾರಾಳ, ಸೋಡಿಯಂ ಕಡಿಮೆ, ಆದ್ದರಿಂದ ಅದು ಜೊತೆಗಿರಲಿ, ಓ.ಆರ್.ಎಸ್.ನ ಬದಲಿಗೆ ಬೇಡ. ನಿಂಬೆ ಹಿಂಡಿದ ಕಟ್ಟನ್‌ಚಾಯಕ್ಕೂ ಇದೇ ಮಾತು. ಬಾಟಲಿಯ ಸೋಡಾ ಪಾನೀಯ ಮಾತ್ರ ಬೇಡವೇ ಬೇಡ.

ಬರದಂತೆ ನೋಡಿಕೊಳ್ಳುವುದು

ನೀರನ್ನು ಚೆನ್ನಾಗಿ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಕೇರಳದ ಹೋಟೆಲುಗಳಲ್ಲಿ ಪದಿಮುಗಂ ಹಾಕಿದ ಕೆಂಬಣ್ಣದ ನೀರನ್ನೋ ಜೀರಿಗೆ ನೀರನ್ನೋ ಕೊಡುವ ಒಳ್ಳೆಯ ಪದ್ಧತಿಯಿದೆ. ಆದರೆ ಕುದಿದ ನೀರನ್ನು ಬೇಗ ಆರಿಸಲು ಹಸಿ ನೀರು ಬೆರೆಸಿದರೆ ಕುದಿಸಿದ ಫಲವೆಲ್ಲ ಹೋಯಿತು. ಬಣ್ಣ ನೋಡಿ ನಂಬುವುದಲ್ಲ, ಬಿಸಿ ನೋಡಿ ನಂಬಬೇಕು. ಬೆಂಕಿಯ ಅನುಕೂಲವಿಲ್ಲದಲ್ಲಿ ಕ್ಲೋರಿನ್ ಮಾತ್ರೆಯನ್ನು ಹೇಳಿದ ಅಳತೆಯಲ್ಲಿ ಹಾಕಿ ಅರ್ಧ ಗಂಟೆ ಬಿಡಬೇಕು. ಐಸು ಹಾಕಿದ ಶರಬತ್ತು, ಕೊಯ್ದಿಟ್ಟ ಹಣ್ಣು, ಹಸಿ ಈರುಳ್ಳಿ ಉದುರಿಸಿದ ತಿಂಡಿ ದೂರವಿರಲಿ. ದೋಸೆ ಕಾವಲಿಯಿಂದ ಬರುತ್ತದೆ, ಸರಿ. ಆದರೆ ಜೊತೆಗಿನ ಚಟ್ನಿ ಬೆಳಗ್ಗೆ ರುಬ್ಬಿ ಹಸಿ ನೀರು ಬೆರೆಸಿದ್ದಾಗಿರಬಹುದು. ಅದಕ್ಕಿಂತ ಹೊಗೆಯಾಡುವ ಸಾಂಬಾರು ವಾಸಿ. ನಾವೇ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ ನಿರ್ಭಯ. ಎಲ್ಲಕ್ಕಿಂತ ಮೇಲಾಗಿ, ಶೌಚದ ನಂತರವೂ ಊಟದ ಮೊದಲೂ ಸಾಬೂನು ಹಚ್ಚಿ ಕೈ ತೊಳೆಯಬೇಕು. ಬಸ್‌ಸ್ಟೇಂಡಿನಲ್ಲಿ ಸಾಬೂನು ಸಿಗುವ ಭರವಸೆಯಿಲ್ಲ. ಒಂದು ತುಂಡು ಜೇಬಿನಲ್ಲಿರಲಿ.

ಕಲೋತ್ಸವಕ್ಕೆ ಹೋಗುವ ಹೆತ್ತವರು ಇನ್ನೊಂದು ಗಮನಿಸಬೇಕು. ಯಕ್ಷಗಾನದ ವೇಷ ಕಟ್ಟಿದ ಮಕ್ಕಳು ಮೂತ್ರಕ್ಕೆ ಹೋಗಲು ಆಗದೆಂದು ಗಂಟೆಗಟ್ಟಲೆ ನೀರು ಮುಟ್ಟುವುದಿಲ್ಲ. ಅಂಥ ಒಣಗಿದ ಮೈಗೆ ಭೇದಿ ಸೇರಿದರೆ ಬೀಳಲು ಹೆಚ್ಚು ಹೊತ್ತು ಬೇಡ.

ವೈದ್ಯರ ಬಳಿಗೆ ಓಡಬೇಕಾದ್ದು ಯಾವಾಗ?

ಮಲದಲ್ಲಿ ರಕ್ತ; ಜೋರು ಜ್ವರ; ಅಕ್ಕಿ ತೊಳೆದ ನೀರಿನಂತಹ ಭೇದಿ ಎಡೆಬಿಡದೆ ಹೋಗುವುದು; ನಿಲ್ಲದ ವಾಂತಿ; ಆರು ಗಂಟೆಯಾದರೂ ಮೂತ್ರವಾಗದಿರುವುದು; ಗುಳಿಬಿದ್ದ ಕಣ್ಣು, ತೂಕಡಿಕೆ, ಮಂಪರು; ಮಗು ಕುಡಿಯಲೊಲ್ಲದಿರುವುದು; ಮೂರು ದಿನವಾದರೂ ಇಳಿಯದಿರುವುದು. ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಶಿಶುಗಳು, ಗರ್ಭಿಣಿಯರು, ವೃದ್ಧರ ವಿಷಯದಲ್ಲಿ ಇನ್ನೂ ಬೇಗ. ಆಂಟಿಬಯೋಟಿಕ್ ನಿಜವಾಗಿ ಬೇಕಾಗುವುದು ಇಂತಹ ಕೆಲವು ಸಂದರ್ಭಗಳಲ್ಲಿ, ಅದನ್ನು ನಿರ್ಧರಿಸಬೇಕಾದವರು ವೈದ್ಯರು. ದಾರಿಯುದ್ದಕ್ಕೂ ಓ.ಆರ್.ಎಸ್. ಕುಡಿಸುತ್ತಲೇ ಇರಬೇಕು.

ಪೆಟ್ಟಿಗೆಯ ಮುಚ್ಚಳ

ಪ್ರವಾಸದಿಂದ ಮರಳಿದ ಮರುದಿನ ಆ ಹುಡುಗನ ಮನೆಗೆ ಹೋದೆವು. ಅವನ ಅಜ್ಜಿ ನಮ್ಮನ್ನು ಜಗಲಿಯಲ್ಲಿ ಕೂರಿಸಿ, ಬೆಲ್ಲ-ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದ್ದು ಒಂದೇ ಮಾತು: ‘ಗಂಜಿ ತೆಳಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕೊಡ್ಲಿಕ್ಕೆ ಆಗ್ಲಿಲ್ವಾ ಮಾಷ್ಟ್ರೇ?’ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ವರ್ಷದಿಂದ ನಮ್ಮ ಶಾಲೆಯ ಪ್ರವಾಸದ ಪೆಟ್ಟಿಗೆಯಲ್ಲಿ ಹತ್ತಿ-ಬಟ್ಟೆ, ಟಿಂಚರುಗಳ ಜೊತೆಗೆ ಓ.ಆರ್.ಎಸ್. ಪೊಟ್ಟಣಗಳು, ಒಂದು ಲೀಟರಿನ ಗುರುತಿರುವ ಬಾಟಲಿ, ಒಂದು ಚಮಚೆ ಇರುತ್ತವೆ. ಕ್ಯಾಪ್ಸೂಲುಗಳಿಲ್ಲ. ಪೊಟ್ಟಣದ ಮೇಲಿನ ಬರಹ ಇಂಗ್ಲಿಷಿನಲ್ಲಿ, ಆರೋಗ್ಯ ಕೇಂದ್ರದಿಂದ ಬರುವ ಸೂಚನಾಪತ್ರಗಳು ಹೆಚ್ಚಾಗಿ ಮಲೆಯಾಳದಲ್ಲಿ. ಆದ್ದರಿಂದ ಕರಗಿಸುವ ಕ್ರಮವನ್ನೂ ಅಪಾಯದ ಗುರುತುಗಳನ್ನೂ ಒಂಬತ್ತನೆಯ ತರಗತಿಯ ಮಕ್ಕಳಿಂದಲೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ ಮುಚ್ಚಳದ ಒಳಬದಿಗೆ ಅಂಟಿಸಿದ್ದೇವೆ. ಒಂದೊಂದು ಪ್ರತಿ ಮನೆಗೂ ಒಯ್ದಿದ್ದಾರೆ. ಅಕ್ಷರ ಓದಬಲ್ಲ ಮೊಮ್ಮಕ್ಕಳು ಅಜ್ಜಿಯಂದಿರಿಗೆ ಓದಿ ಹೇಳಿದ್ದಾರೆ. ಅಜ್ಜಿಯಂದಿರು ತಿದ್ದುಪಡಿಯನ್ನೂ ಸೂಚಿಸಿದ್ದಾರೆ. ಮುಚ್ಚಳದಲ್ಲಿ ಈಗ ಗಂಜಿ ತೆಳಿಯ ಸಾಲೂ ಸೇರಿದೆ.

ಈ ರಜೆಯಲ್ಲಿ ಊರು ಬಿಡುವ ವಾಚಕರೂ ಚೀಲಕ್ಕೆ ಬಟ್ಟೆ ತುಂಬುವ ಮೊದಲು ಎರಡು ಪೊಟ್ಟಣ ಹಾಕಿಕೊಳ್ಳಲಿ. ಖರ್ಚಾಗದೆ ಮನೆಗೆ ಮರಳಿದರೆ ಸಂತೋಷ. ಖರ್ಚಾದರೆ, ಚೀಲದಲ್ಲಿ ಇತ್ತಲ್ಲ ಎಂಬ ಸಮಾಧಾನ.